ಕ್ಯಾಮ್‌ಶಾಫ್ಟ್ ಕೊಳ್ಳುವ ಮುನ್ನ 0.050 ಇಂಚಿನ ಅಂಕಿ ಕೇಳಿ
ಎಂಜಿನ್‌ನ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಎರಡು ಕ್ಯಾಮ್‌ಶಾಫ್ಟ್ ಹೋಲಿಸುವಾಗ ಡಬ್ಬಿ ಮೇಲಿನ ಡ್ಯುರೇಶನ್ (ವಾಲ್ವ್ ಎಷ್ಟು ಡಿಗ್ರಿ ತಿರುಗುವಷ್ಟು ಕಾಲ ತೆರೆದಿರುತ್ತದೆ ಅನ್ನುವ ಅಂಕಿ) ಬಿಡಿ, ಟ್ಯಾಪೆಟ್ (ಕ್ಯಾಮ್ ಮೇಲೆ ಕೂತು ವಾಲ್ವನ್ನು ತೆರೆಸುವ ಭಾಗ) 0.050 ಇಂಚು, ಅಂದರೆ 1.27 ಮಿ.ಮೀ. ಎದ್ದಾಗಿನ ಡ್ಯುರೇಶನ್ ನೋಡಿ. ಡಬ್ಬಿಯ ಅಂಕಿಯನ್ನು ಒಬ್ಬರು 0.004 ಇಂಚಿನಲ್ಲಿ ಅಳೆದರೆ ಇನ್ನೊಬ್ಬರು 0.006ರಲ್ಲಿ ಅಳೆಯುತ್ತಾರೆ, ಹಾಗಾಗಿ 270 ಡಿಗ್ರಿ ಅಂತ ಬರೆದ ಎರಡು ಕ್ಯಾಮ್ ಒಂದೇ ಥರ ಓಡಲೇಬೇಕೆಂದಿಲ್ಲ. ಜೊತೆಗೆ ಇನ್‌ಟೇಕ್ ವಾಲ್ವ್ ಎಷ್ಟು ಡಿಗ್ರಿಗೆ ಮುಚ್ಚುತ್ತದೆ ಅಂತ ಕೇಳಲೇಬೇಕು, ದಿನಬಳಕೆಯ ಗಾಡಿಗೆ ವಾಲ್ವ್ ಎಷ್ಟು ಎತ್ತರ ತೆರೆಯುತ್ತದೆ ಅನ್ನುವ ಲಿಫ್ಟ್‌ಗಿಂತ ಇದೇ ಮುಖ್ಯ. ಅದು ತಡವಾಗಿ ಮುಚ್ಚಿದರೆ, ಕಡಿಮೆ ಆರ್‌ಪಿಎಂನಲ್ಲಿ ಮೇಲೇರುವ ಪಿಸ್ಟನ್ ಗಾಳಿ-ಇಂಧನದ ಮಿಶ್ರಣವನ್ನು ಅದು ಒಳಬಂದ ಕೊಳವೆಗೆ, ಅಂದರೆ ಮ್ಯಾನಿಫೋಲ್ಡ್‌ಗೆ ವಾಪಸ್ ತಳ್ಳುತ್ತದೆ, ಕಂಪ್ರೆಷನ್ ಒತ್ತಡ ಬಿದ್ದು ಸಿಗ್ನಲ್‌ನಲ್ಲಿ ಗಾಡಿ ಎಳೆಯುವುದಿಲ್ಲ. ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಒಳನುಗ್ಗುವ ಗಾಳಿಯ ವೇಗಕ್ಕೆ ಸಿಲಿಂಡರ್ ತುಂಬುತ್ತಲೇ ಇರುತ್ತದೆ. ಅಂಥ ಕ್ಯಾಮ್ ಬೇಕೇ ಬೇಕೆಂದರೆ ಕಂಪ್ರೆಷನ್ ರೇಶಿಯೋನೂ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದನ್ನು) ಏರಿಸಿ. ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುವ) ಟ್ಯಾಪೆಟ್‌ನ ಕ್ಯಾಮನ್ನು ಸಾಲಿಡ್ ಟ್ಯಾಪೆಟ್ ಕ್ಯಾಮ್ ಜೊತೆ ಹೋಲಿಸುವಾಗ ಈ 0.050 ಇಂಚಿನ ಲೆಕ್ಕ ಕೈಕೊಡುತ್ತದೆ, ಏಕೆಂದರೆ ಸಾಲಿಡ್‌ನಲ್ಲಿ ಲ್ಯಾಶ್, ಅಂದರೆ ವಾಲ್ವ್ ತೆರೆಸುವ ಭಾಗಗಳ ನಡುವೆ ಬಿಟ್ಟ ಸಣ್ಣ ಸಂದು, ಕೆಲವು ಡಿಗ್ರಿ ನುಂಗುತ್ತದೆ. 1 ಮಿ.ಮೀ. ಲಿಫ್ಟ್‌ನಲ್ಲಿ ಅಳೆದ ಅಂಕಿಯನ್ನೂ 0.050 ಇಂಚಿನ ಅಂಕಿಯ ಪಕ್ಕ ಇಡಬೇಡಿ. ವಾಲ್ವ್ ಪಿಸ್ಟನ್‌ಗೆ ತಾಗುತ್ತದೋ ಇಲ್ಲವೋ ಅನ್ನುವುದು ಯಾವ ಅಂಕಿಯಿಂದಲೂ ತಿಳಿಯದು. ಪಿಸ್ಟನ್ ಮೇಲೆ ಜೇಡಿಮಣ್ಣು ಇಟ್ಟು ಎಂಜಿನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ವಾಲ್ವ್ ಒತ್ತಿದ ಕಡೆ ಉಳಿದ ಜೇಡಿಯ ದಪ್ಪ ಅಳೆಯಿರಿ.