ಪಾಪ್-ಅಪ್ ಟ್ರೇಲರ್‌ನಲ್ಲಿ ಮೊದಲ ಕ್ಯಾಂಪಿಂಗ್: ಹೂಡುವ, ಬಿಚ್ಚುವ, ಮಡಚುವ ಕ್ರಮ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಬೇಸಿಗೆಗೊಮ್ಮೆ ಟೆಂಟ್ ಹಾಕಿ ಕಾಡಿನಲ್ಲಿ ಮಲಗಿ ಬರುವವರು ಅನೇಕರಿದ್ದಾರೆ. ಮಳೆಯ ರಾತ್ರಿಯಲ್ಲಿ ನೆಲದ ತೇವ ಹಾಸಿಗೆಗೆ ಏರಿದಾಗ, ಅಥವಾ ಊರಿನಿಂದ ಬಂದಿರುವ ತಂದೆತಾಯಿಯನ್ನೂ ಕರೆದೊಯ್ಯುವ ಆಸೆಯಿದ್ದು ಅವರನ್ನು ನೆಲದ ಮೇಲೆ ಮಲಗಿಸಲು ಮನಸ್ಸು ಒಪ್ಪದಿದ್ದಾಗ, ಅವರ ಕಣ್ಣು ಸಹಜವಾಗಿ ಪಾಪ್-ಅಪ್ ಟ್ರೇಲರ್‌ನತ್ತ ಹೊರಳುತ್ತದೆ. ಮುಚ್ಚಿದಾಗ ಇದು ಕಾರಿನ ಹಿಂದೆ ಉರುಳುವ ತಗ್ಗಾದ ಪೆಟ್ಟಿಗೆ. ಹಿಡಿಕೆ ತಿರುಗಿಸಿದರೆ ಚಾವಣಿ ಮೇಲೇಳುತ್ತದೆ, ಎರಡು ಬದಿಗಳಿಂದ ಮಂಚಗಳು ಹೊರಚಾಚುತ್ತವೆ, ನಡುವಿನ ಗೋಡೆಗಳೆಲ್ಲ ಕ್ಯಾನ್ವಾಸ್ ಬಟ್ಟೆಯವು. ಇದನ್ನು ಬಳಸಲು ವಿಶೇಷ ಕೌಶಲ ಬೇಕಿಲ್ಲ, ಆದರೆ ಕೆಲಸಗಳ ಕ್ರಮ ತಪ್ಪಬಾರದು. ಆ ಕ್ರಮವನ್ನು ಕ್ಯಾಂಪ್‌ಗ್ರೌಂಡ್‌ನ ಕತ್ತಲಲ್ಲಿ ಕಲಿಯುವ ಬದಲು ಮನೆಯ ಮುಂದಿನ ಡ್ರೈವ್‌ವೇಯಲ್ಲಿ ಹಗಲು ಹೊತ್ತಿನಲ್ಲಿ ಕಲಿತುಕೊಳ್ಳಬೇಕು. ಮಿಶಿಗನ್‌ನಲ್ಲಿದ್ದುಕೊಂಡು ಹಲವು ಬೇಸಿಗೆಗಳನ್ನು ಇಂಥ ಟ್ರೇಲರ್‌ನಲ್ಲಿ ಕಳೆದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯೋಚಿಸಬೇಕಾದದ್ದು ಭಾರದ ವಿಷಯ. ಪಾಪ್-ಅಪ್ ಟ್ರೇಲರ್‌ಗಳು ಸಾಮಾನ್ಯವಾಗಿ 1,500ರಿಂದ 3,500 ಪೌಂಡ್‌ವರೆಗೆ ತೂಗುತ್ತವೆ. ನಮ್ಮವರ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಟೊಯೋಟಾ ಸಿಯೆನಾ, ಹೋಂಡಾ ಒಡಿಸ್ಸಿಯಂಥ ಮಿನಿವ್ಯಾನ್‌ಗಳ ಎಳೆಯುವ ಮಿತಿ 3,500 ಪೌಂಡ್ ಎಂದು ಕೇಳಿ ಅನೇಕರು ನಿಶ್ಚಿಂತರಾಗುತ್ತಾರೆ. ಆದರೆ ಆ ಒಂದು ಸಂಖ್ಯೆ ಸಾಲದು. ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ, ಜನ ಮತ್ತು ಸಾಮಾನು ಸೇರಿ ಕಾರು ಎಷ್ಟು ಭಾರ ಹೊರಬಹುದೆಂದು ಬರೆದಿರುತ್ತದೆ, ಮತ್ತು ಟ್ರೇಲರ್‌ನ ಮೂತಿ ಹಿಚ್‌ನ (ಟ್ರೇಲರ್ ಸಿಕ್ಕಿಸಲು ಕಾರಿನ ಹಿಂಬದಿಯಲ್ಲಿರುವ ಜೋಡಣೆ) ಮೇಲೆ ಒತ್ತುವ ಭಾರವನ್ನೂ ಅದರಲ್ಲೇ ಲೆಕ್ಕ ಹಿಡಿಯಬೇಕು. ಉದಾಹರಣೆಗೆ ಚೀಟಿಯಲ್ಲಿ 1,200 ಪೌಂಡ್ ಎಂದಿದ್ದು, ಆರು ಜನರ ತೂಕ 850 ಪೌಂಡ್, ಮೂತಿಯ ಭಾರ 300 ಪೌಂಡ್ ಆದರೆ, ಕಾರಿನೊಳಗೆ ಸಾಮಾನಿಗೆ ಉಳಿಯುವುದು 50 ಪೌಂಡ್ ಮಾತ್ರ. ಅಜ್ಜ, ಅಜ್ಜಿ, ಮಕ್ಕಳು ಎಲ್ಲರೂ ಸೇರಿ ಹೊರಡುವ ಕುಟುಂಬಗಳು ಈ ಲೆಕ್ಕವನ್ನು ಕೊಳ್ಳುವ ಮೊದಲೇ ಕಾಗದದ ಮೇಲೆ ಮಾಡಿ ನೋಡಬೇಕು.

ಟ್ರೇಲರ್‌ನೊಳಗೆ ಸಾಮಾನು ತುಂಬುವ ಬಗೆಯನ್ನು ಎತ್ತಿನ ಗಾಡಿ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ತೀರಾ ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಇಲ್ಲಿಯೂ ತುಂಬಿದ ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಭಾರ ಹಿಚ್‌ನ ಮೇಲೆ ಬೀಳುವಂತಿರಬೇಕು. ನೀರಿನ ಕ್ಯಾನು, ಕೂಲರ್, ಅಕ್ಕಿಬೇಳೆಯ ಡಬ್ಬಗಳು ಅಚ್ಚಿನ ಮೇಲೆ ಅಥವಾ ಅದಕ್ಕೆ ತುಸು ಮುಂದಕ್ಕೆ ಇರಲಿ, ಹಿಂಬದಿಗೆ ಹಗುರವಾದ ಹಾಸಿಗೆ ಬಟ್ಟೆಗಳು ಸಾಕು. ಹಿಂಭಾರವಾದ ಟ್ರೇಲರ್ ಹೆದ್ದಾರಿಯಲ್ಲಿ ಬಾಲ ಬೀಸಿದಂತೆ ತೂಗಾಡತೊಡಗುತ್ತದೆ. ಹಾಗಾದಾಗ ಗಾಬರಿಯಿಂದ ಬ್ರೇಕ್ ಒತ್ತಬಾರದು, ಸ್ಟಿಯರಿಂಗ್ ತಿರುಗಿಸಲೂ ಬಾರದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು. ಟ್ರೇಲರ್‌ಗೆ ವಿದ್ಯುತ್ ಬ್ರೇಕ್ ಇದ್ದು ಕಾರಿನಲ್ಲಿ ಅದರ ನಿಯಂತ್ರಕವಿದ್ದರೆ, ಅದನ್ನಷ್ಟೇ ಕೈಯಿಂದ ಮೃದುವಾಗಿ ಒತ್ತಬಹುದು.

ಕಾರಿಗೆ ಹೂಡುವಾಗ ಹಿಚ್‌ನ ಗುಂಡಿನ ಅಳತೆಯೂ ಟ್ರೇಲರ್‌ನ ಕೊಂಡಿಯ ಮೇಲೆ ಮುದ್ರಿಸಿರುವ ಅಳತೆಯೂ ಒಂದೇ ಆಗಿರಬೇಕು. 2 ಇಂಚಿನ ಕೊಂಡಿಯೊಳಗೆ ಒಂದೂ ಮುಕ್ಕಾಲು ಚಿಲ್ಲರೆ ಇಂಚಿನ ಸಣ್ಣ ಗುಂಡು ಕುಳಿತಂತೆ ಕಂಡರೂ ರಸ್ತೆಯ ಮೊದಲ ಹಳ್ಳದಲ್ಲೇ ಎಗರಿ ಹೊರಬರಬಹುದು. ಕೊಂಡಿ ಹಾಕಿ ಪಿನ್ನು ಸಿಕ್ಕಿಸಿದ ಮೇಲೆ, ಮೂತಿಯ ಜಾಕನ್ನು ತಿರುಗಿಸಿ ಕಾರಿನ ಹಿಂಭಾಗ ಒಂದಿಷ್ಟು ಮೇಲೆತ್ತಿ ನೋಡುವುದು ಒಳ್ಳೆಯ ಅಭ್ಯಾಸ: ಕೊಂಡಿ ನಿಜವಾಗಿ ಕಚ್ಚಿದ್ದರೆ ಕಾರೂ ಜೊತೆಗೇ ಏಳುತ್ತದೆ. ಎರಡು ಸುರಕ್ಷಾ ಸರಪಳಿಗಳನ್ನು ಮೂತಿಯ ಕೆಳಗೆ ಒಂದಕ್ಕೊಂದು ಅಡ್ಡ ಬರುವಂತೆ ಸಿಕ್ಕಿಸಬೇಕು; ಕೊಂಡಿ ಕಳಚಿದರೆ ಆ ಸರಪಳಿಗಳೇ ತೊಟ್ಟಿಲಿನಂತೆ ಮೂತಿಯನ್ನು ಹಿಡಿದುಕೊಳ್ಳುತ್ತವೆ. ಬಳಿಕ ದೀಪಗಳ ವೈರು ಜೋಡಿಸಿ, ಒಬ್ಬರು ಹಿಂದೆ ನಿಂತು ಬ್ರೇಕ್ ದೀಪ ಮತ್ತು ಎರಡೂ ತಿರುವಿನ ದೀಪಗಳನ್ನು ನೋಡಬೇಕು.

ಟೈರುಗಳನ್ನು ಹೊಸಬರು ಅಲಕ್ಷಿಸುವುದೇ ಹೆಚ್ಚು. ಟ್ರೇಲರ್ ಟೈರುಗಳು ಸವೆಯುವ ಮೊದಲೇ ಮುದಿಯಾಗುತ್ತವೆ. ಬದಿಯಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದಿದ್ದರೆ ಅದು 2019ರ 23ನೆಯ ವಾರದ ಟೈರು. ಮೇಲ್ಮೈ ಹೊಸದರಂತೆ ಕಂಡರೂ ಐದಾರು ವರ್ಷ ದಾಟಿದ್ದರೆ ಬದಲಿಸುವುದೇ ಕ್ಷೇಮ. ಇಂಥ ಅನೇಕ ಟೈರುಗಳನ್ನು ಗಂಟೆಗೆ 65 ಮೈಲಿ ವೇಗಕ್ಕೆಂದೇ ಮಾಡಿರುತ್ತಾರೆ, ಮತ್ತು ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಯಾವ ವಾಹನವೂ 55 ಮೈಲಿ ಮೀರುವಂತಿಲ್ಲ. ಉಳಿದ ವಾಹನಗಳು ನಿಮ್ಮನ್ನು ದಾಟಿ ಹೋಗಲಿ, ನೀವು ಬಲಬದಿಯ ಲೇನ್ ಹಿಡಿದು ಸಮಾಧಾನದಿಂದ ಸಾಗಿರಿ. ಹಿಂದಕ್ಕೆ ಓಡಿಸುವುದನ್ನು ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದು ಭಾನುವಾರದ ಬೆಳಿಗ್ಗೆ ಕಲಿಯಬಹುದು. ಸ್ಟಿಯರಿಂಗ್‌ನ ಕೆಳತುದಿಯಲ್ಲಿ ಕೈಯಿಟ್ಟು, ಟ್ರೇಲರ್‌ನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈಯನ್ನು ಸರಿಸಿದರೆ, ಎಡಬಲಗಳ ಗೊಂದಲ ಇಲ್ಲವಾಗುತ್ತದೆ.

ಮೊದಲ ಪ್ರವಾಸಕ್ಕೆ ಮನೆಯಿಂದ ಒಂದೆರಡು ಗಂಟೆಯ ದಾರಿಯಲ್ಲಿರುವ, ವಿದ್ಯುತ್ ಸಂಪರ್ಕವಿರುವ ಕ್ಯಾಂಪ್‌ಗ್ರೌಂಡನ್ನೇ ಆರಿಸಿಕೊಳ್ಳಿ. ಡೆಟ್ರಾಯಿಟ್ ಸುತ್ತಲಿನವರಿಗೆ ಪ್ರೌಡ್ ಲೇಕ್, ಹಾಲಿ ಮುಂತಾದ ರಾಜ್ಯ ಉದ್ಯಾನಗಳಿವೆ. ಮಿಶಿಗನ್ ಸರೋವರದ ದಂಡೆಯ ಲಡಿಂಗ್ಟನ್ ಎರಡನೆಯ ಅಥವಾ ಮೂರನೆಯ ಪ್ರವಾಸಕ್ಕಿರಲಿ. ಮಿಶಿಗನ್ನಿನ ರಾಜ್ಯ ಉದ್ಯಾನಗಳ ಜಾಗಗಳನ್ನು ಆರು ತಿಂಗಳು ಮೊದಲೇ ಕಾದಿರಿಸಬಹುದು, ಜುಲೈ ತಿಂಗಳ ವಾರಾಂತ್ಯ ಬೇಕಿದ್ದರೆ ಚಳಿಗಾಲದಲ್ಲೇ ಎಚ್ಚೆತ್ತುಕೊಳ್ಳಬೇಕು. ಸೌದೆಯನ್ನು ಮನೆಯಿಂದ ಒಯ್ಯಬೇಡಿ, ಅಲ್ಲಿಯೇ ಕೊಳ್ಳಿ. 2002ರಲ್ಲಿ ಡೆಟ್ರಾಯಿಟ್ ಬಳಿ ಮೊದಲು ಪತ್ತೆಯಾದ, ಆ್ಯಶ್ ಮರಗಳನ್ನು ಕೊರೆದು ಕೊಲ್ಲುವ ಹಸಿರು ದುಂಬಿ ದೂರದೂರಕ್ಕೆ ಹರಡಿದ್ದರಲ್ಲಿ ಕ್ಯಾಂಪಿಂಗ್‌ಗೆ ಹೋಗುವವರು ಹೊತ್ತೊಯ್ದ ಸೌದೆಯ ಪಾಲೂ ಇದೆ.

ಈಗ ಬಿಚ್ಚುವ ಕ್ರಮ. ಟ್ರೇಲರ್ ಇನ್ನೂ ಕಾರಿಗೆ ಕಟ್ಟಿಕೊಂಡಿರುವಾಗಲೇ ರಸಮಟ್ಟವನ್ನು ಅಡ್ಡಲಾಗಿಟ್ಟು ಎಡಬಲದ ಸಮ ನೋಡಿ, ತಗ್ಗಾಗಿರುವ ಬದಿಯ ಚಕ್ರದ ಕೆಳಗೆ ಹಲಗೆ ಇಟ್ಟು ಅದರ ಮೇಲೇರಿಸಿ ನಿಲ್ಲಿಸಬೇಕು. ಬಳಿಕ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡೆಯಿಡಬೇಕು, ಇದಾದ ಮೇಲಷ್ಟೇ ಕಾರಿನಿಂದ ಕಳಚಬೇಕು. ಮುಂದಿನ ಜಾಕನ್ನು ಏರಿಸಿ ಇಳಿಸಿ ಹಿಂದುಮುಂದಿನ ಸಮ ಮಾಡಿಕೊಂಡು, ನಾಲ್ಕು ಮೂಲೆಗಳ ಊರುಗಾಲುಗಳನ್ನು ನೆಲಕ್ಕೆ ತಾಕಿ ಬಿಗಿಯಾಗುವಷ್ಟೇ ಇಳಿಸಬೇಕು. ಅವು ಅಲುಗಾಟ ತಡೆಯಲು ಇರುವವು, ಟ್ರೇಲರನ್ನು ಮೇಲೆತ್ತಲು ಅಲ್ಲ. ಎತ್ತಲು ಹೋದರೆ ಕೆಳಗಿನ ಚೌಕಟ್ಟು ಸೊಟ್ಟಗಾಗುತ್ತದೆ. ಊರುಗಾಲು ಇಳಿಸದೆ ಮಂಚ ಎಳೆದರೆ ಇಡೀ ಟ್ರೇಲರ್ ಆ ಬದಿಗೆ ವಾಲಿಬಿಡಬಹುದು.

ಚಾವಣಿ ಎತ್ತುವ ಮೊದಲು ಸುತ್ತ ನಡೆದು ನಾಲ್ಕು ಚಿಲಕಗಳೂ ತೆರೆದಿವೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಒಂದು ಚಿಲಕ ಹಾಗೆಯೇ ಉಳಿದರೆ ಮೂರು ಮೂಲೆ ಏಳುತ್ತವೆ, ನಾಲ್ಕನೆಯದು ಕೆಳಗೇ ಉಳಿಯುತ್ತದೆ, ಒಳಗಿನ ತಂತಿಹಗ್ಗ ಹರಿಯುತ್ತದೆ ಅಥವಾ ಚಾವಣಿ ಸೀಳುತ್ತದೆ. ಹಿಡಿಕೆಯನ್ನು ಬಾವಿಯ ರಾಟೆ ಸೇದಿದಂತೆ ಒಂದೇ ಸಮನೆ ತಿರುಗಿಸಿ. ನಡುವೆ ಬಿಗಿ ಹೆಚ್ಚಾದರೆ ಬಲ ಹಾಕದೆ ನಿಂತು ಕಾರಣ ಹುಡುಕಿ. ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಕೈಪಿಡಿಯಲ್ಲಿ ಮೊದಲೇ ಓದಿಕೊಂಡಿರಬೇಕು. ಮುಂದೆ ಒಂದು ಮಂಚವನ್ನು ಪೂರ್ತಿ ಹೊರಗೆಳೆದು, ಅದರ ಕೆಳಗಿನ ಆಧಾರದ ಕೋಲುಗಳನ್ನು ಸಿಕ್ಕಿಸಿ, ಅನಂತರ ಇನ್ನೊಂದರ ಕಡೆ ಹೋಗಬೇಕು. ಆಧಾರದ ಕೋಲು ಕೂರುವ ಮೊದಲು ಮಕ್ಕಳು ಮಂಚ ಏರದಂತೆ ಒಬ್ಬರು ಕಾಯುತ್ತಿರಲಿ, ಏಕೆಂದರೆ ಮಕ್ಕಳಿಗೆ ಮೊದಲು ಕಣ್ಣಿಗೆ ಬೀಳುವುದು ಆ ಮಂಚವೇ. ಹಿರಿಯರಿಗೆ ಎದೆಮಟ್ಟದ ಆ ಮಂಚಗಳನ್ನು ಹತ್ತುವುದು ಕಷ್ಟ. ಊಟದ ಮೇಜನ್ನು ಇಳಿಸಿ ಮಾಡುವ ತಗ್ಗಿನ ಹಾಸಿಗೆ ಅವರಿಗಿರಲಿ, ರಾತ್ರಿ ಎದ್ದು ಹೊರಹೋಗಲೂ ಅದು ಬಾಗಿಲಿಗೆ ಹತ್ತಿರ.

ಅಡುಗೆಯನ್ನು ಹೊರಗೇ ಮಾಡಿ. ಬಹಳಷ್ಟು ಪಾಪ್-ಅಪ್‌ಗಳಲ್ಲಿ ಒಲೆಯನ್ನು ಹೊರಗೋಡೆಗೆ ಸಿಕ್ಕಿಸುವ ಏರ್ಪಾಡಿರುತ್ತದೆ. ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆಯ ವಾಸನೆ ಒಮ್ಮೆ ಕ್ಯಾನ್ವಾಸ್ ಹೊಕ್ಕರೆ ತಿಂಗಳುಗಟ್ಟಲೆ ಹೋಗದು, ಮತ್ತು ನಮಗೆ ಹಿತವಾದ ಆ ವಾಸನೆ ರಕೂನ್‌ಗಳಿಗೂ ಕರಡಿಗಳಿಗೂ ಕರೆಯೋಲೆ. ಪುಳಿಯೋಗರೆ ಗೊಜ್ಜು, ಹುರಿದ ರವೆ, ಒಗ್ಗರಣೆ ಹಾಕಿ ಫ್ರೀಜ್ ಮಾಡಿದ ಹುಳಿ ಇವನ್ನು ಮನೆಯಲ್ಲೇ ಸಿದ್ಧಮಾಡಿಕೊಂಡು ಹೋದರೆ ಅಲ್ಲಿ ಅನ್ನ ಬೇಯಿಸುವುದಷ್ಟೇ ಕೆಲಸ. ಕರಡಿಗಳಿರುವ ಕಡೆ ಕ್ಯಾನ್ವಾಸ್ ಗೋಡೆಯನ್ನು ಗೋಡೆಯೆಂದು ಲೆಕ್ಕಿಸುವುದಿಲ್ಲ. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕ್‌ನಲ್ಲಿ ಗ್ರಿಜ್ಲಿ ಕರಡಿಗಳ ಕಾರಣದಿಂದ ಟೆಂಟ್‌ಗಳಿಗೂ ಬಟ್ಟೆಗೋಡೆಯ ಟ್ರೇಲರ್‌ಗಳಿಗೂ ಪ್ರವೇಶವೇ ಇಲ್ಲ. ಯೊಸೆಮಿಟಿಯಲ್ಲಿ ಪಾಪ್-ಅಪ್‌ನೊಳಗೆ ಆಹಾರ ಇಡದೆ, ಟೂತ್‌ಪೇಸ್ಟ್, ಸೋಪು ಸಹಿತ ಎಲ್ಲವನ್ನೂ ಅಲ್ಲಿನ ಲೋಹದ ಪೆಟ್ಟಿಗೆಗೆ ಸೇರಿಸಬೇಕು. ಆದ್ದರಿಂದ ಜಾಗ ಕಾದಿರಿಸುವ ಮೊದಲು ಅಲ್ಲಿ ಪಾಪ್-ಅಪ್‌ಗೆ ಅನುಮತಿಯಿದೆಯೇ ಎಂಬ ಸಾಲನ್ನು ತಪ್ಪದೆ ಓದಿ.

ಒಂದು ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬಾರದು. ಚಳಿಯಾಯಿತೆಂದು ಇದ್ದಿಲಿನ ಒಲೆಯನ್ನಾಗಲಿ ಅಡುಗೆಯ ಗ್ಯಾಸ್ ಒಲೆಯನ್ನಾಗಲಿ ಒಳಗೆ ಹೊತ್ತಿಸಿ ಕಾವು ಪಡೆಯಲು ಹೋಗಬೇಡಿ. ಉರಿಯಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಅದರ ಮತ್ತು ಪ್ರೊಪೇನ್ ಸೋರಿಕೆಯ ಎಚ್ಚರಿಕೆ ಗಂಟೆಗಳು ಐದರಿಂದ ಏಳು ವರ್ಷಗಳಲ್ಲಿ ಕೆಲಸಕ್ಕೆ ಬಾರದಂತಾಗುತ್ತವೆ, ಹಳೆಯ ಟ್ರೇಲರ್ ಕೊಂಡವರು ಮೊದಲ ರಾತ್ರಿಗೆ ಮುನ್ನವೇ ಅವನ್ನು ಬದಲಿಸಬೇಕು. ಗ್ಯಾಸ್ ಕೊಳವೆಯ ಜೋಡಣೆಗಳಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಿ, ಪ್ರಯಾಣದಲ್ಲಿ ಸಿಲಿಂಡರ್‌ನ ಕವಾಟ ಮುಚ್ಚಿರಲಿ. ರಾತ್ರಿ ಎರಡು ಕಿಟಕಿಗಳ ಜಿಪ್ ಒಂದು ಗೇಣು ತೆರೆದಿಟ್ಟರೆ ಉಸಿರಿನ ತೇವ ಚಾವಣಿಯಿಂದ ತೊಟ್ಟಿಕ್ಕುವುದೂ ತಪ್ಪುತ್ತದೆ. ಗುಡುಗು ಗಾಳಿಯ ತೀವ್ರ ಎಚ್ಚರಿಕೆ ಬಂದರೆ ಟ್ರೇಲರ್ ಬಿಟ್ಟು ಸ್ನಾನಗೃಹದ ಗಟ್ಟಿ ಕಟ್ಟಡಕ್ಕೆ ಹೋಗಿ.

ಮಡಚುವುದು ಬಿಚ್ಚಿದ್ದರ ತಿರುವುಮುರುವು, ಆದರೆ ಇನ್ನಷ್ಟು ತಾಳ್ಮೆ ಬೇಡುತ್ತದೆ. ಒಂದು ಕಿಟಕಿ ತೆರೆದಿಟ್ಟರೆ ಒಳಗಿನ ಗಾಳಿ ಹೊರಹೋಗಿ ಬಟ್ಟೆ ಉಬ್ಬುವುದಿಲ್ಲ. ಚಾವಣಿಯನ್ನು ಒಂದಿಷ್ಟು ಇಳಿಸಿ, ಸುತ್ತ ನಡೆದು ಕ್ಯಾನ್ವಾಸನ್ನು ಒಳಗೆ ತುರುಕಿ, ಮತ್ತೆ ಒಂದಿಷ್ಟು ಇಳಿಸಬೇಕು; ಅಂಚಿನಲ್ಲಿ ಸಿಕ್ಕಿಕೊಂಡ ಬಟ್ಟೆ ಹರಿಯುವುದು ಖಂಡಿತ.

ಮಳೆಯಲ್ಲಿ ಒದ್ದೆಯಾಗಿ ಮಡಚಿ ತಂದರೆ, ದಣಿವು ಎಷ್ಟೇ ಇದ್ದರೂ ಮರುದಿನವೇ ಡ್ರೈವ್‌ವೇಯಲ್ಲಿ ಮತ್ತೆ ಬಿಚ್ಚಿ ಒಣಗಿಸಿ. ನಮ್ಮ ಮೊದಲ ವರ್ಷ ಭಾನುವಾರ ಒದ್ದೆಯಾಗಿ ತಂದದ್ದನ್ನು ಗುರುವಾರದವರೆಗೆ ಹಾಗೆಯೇ ಬಿಟ್ಟಿದ್ದೆವು. ತೆರೆದಾಗ ಮಲೆನಾಡಿನ ಆಷಾಢದ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು, ಬಟ್ಟೆಯ ಮಡಿಕೆಗಳಲ್ಲಿ ಕಪ್ಪು ಚುಕ್ಕೆಗಳು ಮೂಡಿದ್ದವು. ಆ ಕಲೆಗಳು ಇಂದಿಗೂ ಹಾಗೆಯೇ ಇವೆ. ಈಗ ಮನೆಗೆ ಹಿಂದಿರುಗಿದ ಮಾರನೆಯ ಸಂಜೆ, ಆಕಾಶ ತಿಳಿಯಾಗಿದ್ದರೆ, ಬಟ್ಟೆಬರೆ ಒಗೆಯುವ ಮುನ್ನವೇ ನಾವು ಚಾವಣಿ ಎತ್ತಿ, ಎಲ್ಲ ಕಿಟಕಿಗಳನ್ನೂ ತೆರೆದು, ಮಡಿಕೆಗಳ ಒಳಗೆ ಬೆರಳಾಡಿಸಿ ಒಣಗಿದೆಯೇ ಎಂದು ನೋಡುತ್ತೇವೆ.