ಗಣಿ ಮುಚ್ಚಿತು, ಎಕ್ಸ್‌ರೇ ಫಿಲ್ಮುಗಳು ಉಳಿದವು

2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕಾರ್ಮಿಕರ ವೈದ್ಯಕೀಯ ಕಡತ ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕೆಲಸವೇ ನಿಂತಿದೆ, ಈ ಹಳೇ ಕಾಗದ ಯಾಕೆ ಎಂದವರಿದ್ದರು. ಆದರೆ ಕಲ್ಲಿನ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್, ಗಣಿಯ ಜೊತೆ ಮುಗಿಯುವ ಕಾಯಿಲೆಯಲ್ಲ. ಬಂಡೆ ಕೊರೆಯುವಾಗ ಶ್ವಾಸಕೋಶಕ್ಕೆ ಇಳಿದ ದೂಳು ಅಲ್ಲೇ ಉಳಿದು, ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೂ ಕಾಡಬಹುದು. ಆಗ ಬೇಕಾಗುವುದು ಇದೇ ಕಾಗದ.

ಹೆಸರು ನೋಡಿ ಜೋಡಿಸಲು ಆಗುತ್ತಿರಲಿಲ್ಲ. ಒಂದೇ ಹೆಸರಿನವರು ಬಹಳ. ತಮಿಳು, ತೆಲುಗು ಹೆಸರುಗಳನ್ನು ಒಬ್ಬೊಬ್ಬ ಗುಮಾಸ್ತರು ಒಂದೊಂದು ಥರ ಬರೆದಿದ್ದರು. ಹಾಗಾಗಿ ಗಣಿಯಲ್ಲಿ ಪ್ರತಿ ಕಾರ್ಮಿಕನಿಗೂ ಕೊಟ್ಟಿದ್ದ ಟೋಕನ್ ನಂಬರನ್ನೇ ಹಿಡಿದೆ. ನಿವೃತ್ತರಾಗಿ ಊರು ಬಿಟ್ಟವರಿಗೂ ಆ ನಂಬರು ಬಾಯಲ್ಲೇ ಇರುತ್ತಿತ್ತು. ಐದು ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯ ವರದಿ, ಎದೆಯ ಎಕ್ಸ್‌ರೇ, ಸೇವಾ ವಿವರದ ಹಾಳೆ, ಮೂರನ್ನೂ ಒಂದೇ ಲಕೋಟೆಗೆ ಹಾಕಿದೆ. ಸೇವಾ ಹಾಳೆ ಆಡಳಿತದ್ದು, ಬೇರೆ ಇಡಿ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಮನುಷ್ಯ ಕೆಳಗೆ ಡ್ರಿಲ್ಲಿಂಗ್ ಮಾಡಿದನೋ, ಮೇಲೆ ವರ್ಕ್‌ಶಾಪಿನಲ್ಲಿದ್ದನೋ ಗೊತ್ತಾಗದಿದ್ದರೆ ಪರಿಹಾರದ ಅರ್ಜಿಗೆ ಆಧಾರವೇ ಇರುವುದಿಲ್ಲ.

ಹೆಚ್ಚು ಸಮಯ ತಿಂದದ್ದು ಫಿಲ್ಮುಗಳು. ಒಂದರ ಮೇಲೊಂದು ಪೇರಿಸಿದ್ದರಿಂದ ತೇವಕ್ಕೆ ಅಂಟಿಕೊಂಡಿದ್ದವು. ಎಳೆದರೆ ಚಿತ್ರವೇ ಕಿತ್ತು ಬರುತ್ತದೆ, ಅಂಥವನ್ನು ಮುಟ್ಟದೆ ಬೇರೆ ಇಟ್ಟೆ. ಹುಳಿ ವಾಸನೆ ಬರುವವು ಕೆಡುತ್ತಿರುವ ಫಿಲ್ಮು. ಅವುಗಳ ಫೋಟೊ ಮೊದಲು ತೆಗೆಸಿದೆ. ಉಳಿದವನ್ನು ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿದೆ. ಫಿಲ್ಮಿನಲ್ಲಿ ಬೆಳ್ಳಿ ಇರುವುದರಿಂದ ಗುಜರಿಯವರಿಗೂ ಅದರ ಮೇಲೆ ಕಣ್ಣು, ಕೋಣೆಯ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು.

ಒಬ್ಬ ತಾಯಿ ಬಂದು, "ಸಾರ್, ನಮ್ ಯಜಮಾನ್ರಿಗೆ ಎಲ್ಲಾ ಕಡೆ ಟಿಬಿ ಅಂತಾನೇ ಬರ್ದವ್ರೆ" ಎಂದರು. ಲಕೋಟೆ ಸಿಕ್ಕಿತು. ಎರಡು ಫಿಲ್ಮುಗಳನ್ನು ಬೆಳಕಿನ ಪೆಟ್ಟಿಗೆಗೆ ಪಕ್ಕಪಕ್ಕ ಸಿಕ್ಕಿಸಿದೆ. ಹಳೆಯದು ತಿಳಿಯಾಗಿತ್ತು. ನಂತರದ್ದರಲ್ಲಿ ಎರಡೂ ಶ್ವಾಸಕೋಶದ ಮೇಲ್ಭಾಗದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ. ಅದೇನೆಂದು ಹೇಳಬೇಕಾದವರು ಡಾಕ್ಟರು, ನಾನು ಬಾಯಿ ಬಿಡಲಿಲ್ಲ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬೇಗ ತಗಲುತ್ತದೆ, ಎರಡೂ ಒಟ್ಟಿಗೇ ಇರಬಹುದು. ಅದಕ್ಕೇ ಎರಡೂ ಫಿಲ್ಮಿನ ಪ್ರತಿಯ ಜೊತೆ ಸೇವಾ ಹಾಳೆಯನ್ನೂ ಕೊಟ್ಟು, ಎದೆರೋಗದ ಡಾಕ್ಟರಿಗೆ ಮೂರನ್ನೂ ತೋರಿಸಿ ಎಂದೆ.

ಪರಿಹಾರ ಕೊಡಿಸುತ್ತೇವೆ ಎನ್ನುವ ದಲ್ಲಾಳಿಗಳು ಕಾಯಿಲೆಯವರ ಪಟ್ಟಿ ಕೇಳಿಕೊಂಡು ಬರುತ್ತಿದ್ದರು. ಯಾರಿಗೂ ಕೊಡಲಿಲ್ಲ. ಕಾರ್ಮಿಕರು ತಾವೇ ಬರಬೇಕು, ಅವರಿಲ್ಲದಿದ್ದರೆ ಹೆಂಡತಿ ಮಕ್ಕಳು ದಾಖಲೆ ತರಬೇಕು. ಕೊಡುವುದು ಪ್ರತಿ ಮಾತ್ರ; ರಿಜಿಸ್ಟರಿನಲ್ಲಿ ಸಹಿ ಇಲ್ಲವೇ ಹೆಬ್ಬೆಟ್ಟು ಬಿದ್ದ ಮೇಲೆ ಮೂಲ ಮತ್ತೆ ಅದೇ ಲಕೋಟೆಗೆ.