ಕಾರಿಲ್ಲದೆ ಟ್ರಿನಿಡಾಡ್ ಸುತ್ತಿದ್ದು ಹೀಗೆ

"ಬಾಡಿಗೆ ಕಾರಿಲ್ಲದೆ ಅಲ್ಲಿ ಏನೂ ನೋಡೋಕಾಗಲ್ಲ. ನೀನು ಬೇರೆ ಮಾಂಸ ತಿನ್ನಲ್ಲ, ಬ್ರೆಡ್ಡು ಬಿಸ್ಕತ್ತಲ್ಲೇ ದಿನ ದೂಡಬೇಕು" ಅಂತ ನಮ್ಮ ತಿರುಗಾಟದ ಬಳಗದವರೆಲ್ಲ ಹೇಳಿದ್ದರು. ಆದರೂ ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪಕ್ಕೆ ಹೋದೆ, 19 ದಿನ ಇದ್ದೆ, ವಿಮಾನ ಬಿಟ್ಟು ಸುಮಾರು 1 ಲಕ್ಷ 10 ಸಾವಿರದಲ್ಲಿ ಮುಗಿಸಿದೆ, ಹೊಟ್ಟೆ ತುಂಬ ತಿಂದು ಬಂದೆ. ಟಿಕೆಟ್ಟು, ಕಾಗದಪತ್ರದ ಮಾತೆಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ.

ಇದು ಎರಡನೇ ಸಲ. ಮೊದಲ ಸಲ ಎಲ್ಲರ ಮಾತು ಕೇಳಿ ಕೈ ಸುಟ್ಟುಕೊಂಡಿದ್ದೆ. ಅಲ್ಲಿನ ದೊಡ್ಡ ಹಬ್ಬ ಕಾರ್ನಿವಲ್‌ನ ವಾರಕ್ಕೇ ಹೋಗಿ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಇಳಿದುಕೊಂಡೆ. ಆ ವಾರ ಹೋಟೆಲ್ ದರ ಮೂರು ಪಟ್ಟು. ಐದಾರು ರಾತ್ರಿ ಒಟ್ಟಿಗೆ ತೆಗೆದುಕೊಳ್ಳದಿದ್ದರೆ ಕೋಣೆಯೇ ಇಲ್ಲ. ಕಾರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ ಎಳೆದೊಯ್ದರು, ಬಿಡಿಸಿಕೊಳ್ಳಲು 500 ಟಿಟಿ (ಟ್ರಿನಿಡಾಡ್ ಮತ್ತು ಟೊಬೇಗೋ) ಡಾಲರ್ ಹೋಯಿತು. ಆಗ ಅವರ ಒಂದು ಡಾಲರ್‌ಗೆ ನಮ್ಮ ಹನ್ನೆರಡು ರೂಪಾಯಿ ಅಂತಿಟ್ಟುಕೊಳ್ಳಿ. ಎಂಟು ದಿನಕ್ಕೆ ಎರಡೂವರೆ ಲಕ್ಷ ಕರಗಿತು. ಮೆರವಣಿಗೆ ಕಂಡೆ, ಊರು ಕಾಣಲಿಲ್ಲ.

ಎರಡನೇ ಸಲ ಮಾಡಿದ್ದು ಇಷ್ಟೇ: ರಾಜಧಾನಿ ಬಿಟ್ಟು ಕ್ಯುರೆಪ್ ಕೂಡುರಸ್ತೆಯ ಹತ್ತಿರ ಮನೆ ಹಿಡಿದೆ. ಪಕ್ಕದ ಸೇಂಟ್ ಅಗಸ್ಟಿನ್‌ನಲ್ಲಿ ವಿಶ್ವವಿದ್ಯಾಲಯ ಇರುವುದರಿಂದ ಕೋಣೆಗಳು ಅಗ್ಗ. ಪೂರ್ವಕ್ಕೂ ದಕ್ಷಿಣಕ್ಕೂ ಹೋಗುವ ದಾರಿಗಳು ಅಲ್ಲೇ ಕೂಡುತ್ತವೆ. ಮ್ಯಾಕ್ಸಿ ಟ್ಯಾಕ್ಸಿ ಎಂದರೆ ಮಿನಿಬಸ್ಸು, ಅದರ ಪಟ್ಟಿಯ ಬಣ್ಣ ನೋಡಿ ಹತ್ತಿದರಾಯಿತು: ಕೆಂಪು ರಾಜಧಾನಿ–ಅರಿಮಾ ದಾರಿಗೆ, ಹಸಿರು ಚಗ್ವಾನಸ್, ಸ್ಯಾನ್ ಫರ್ನಾಂಡೊ ಕಡೆಗೆ, ಹಳದಿ ರಾಜಧಾನಿಯ ಆಸುಪಾಸಿಗೆ. ಶೇರ್ ಕಾರುಗಳೂ ಉಂಟು. ನಂಬರ್ 'ಹೆಚ್' ಅಕ್ಷರದಿಂದ ಶುರುವಾಗಿದ್ದರೆ ಮಾತ್ರ ಹತ್ತಿ. ಹತ್ತಿದ ಕೂಡಲೇ ಎಲ್ಲರಿಗೂ ಕೇಳುವಂತೆ 'ಗುಡ್ ಮಾರ್ನಿಂಗ್' ಹೇಳಲೇಬೇಕು. ಮೊದಲೆರಡು ದಿನ ಸುಮ್ಮನೆ ಕೂತೆ, ಯಾರೂ ಮಾತಾಡಿಸಲಿಲ್ಲ. ಮೂರನೇ ದಿನ ಹೇಳಿದೆ. ಇಳಿಯುವಷ್ಟರಲ್ಲಿ ಒಬ್ಬರು ಮನೆಗೆ ಊಟಕ್ಕೆ ಕರೆದಿದ್ದರು.

ಊಟದ ಚಿಂತೆ ಮಾಡಿದವರಿಗೆ ಉತ್ತರ 'ಡಬಲ್ಸ್'. ಎರಡು ಮೆತ್ತನೆ ಬಾರಾ (ಎಣ್ಣೆಯಲ್ಲಿ ಕರಿದ ರೊಟ್ಟಿ), ಮೇಲೆ ಕಾಬೂಲಿ ಕಡಲೆ, ಸೌತೆಕಾಯಿ, ಹುಣಸೆ ಚಟ್ನಿ, ಖಾರ. ನಾನು ಹೋದಾಗ ಐದಾರು ಡಾಲರ್‌ಗೆ ಒಂದು. ಬೆಳಿಗ್ಗೆ ಎರಡು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಖಾರಕ್ಕೆ 'ಸ್ಲೈಟ್' (ಸ್ವಲ್ಪವೇ) ಎನ್ನಿ, ಗುಂಟೂರು ಮೆಣಸಿನಕಾಯಿ ತಿಂದು ಬೆಳೆದವರೂ ಅಷ್ಟೇ ಅನ್ನಿ. ಧಾಲ್‌ಪುರಿ ನೋಡಿದಾಗಲಂತೂ ನಮ್ಮ ಬೇಳೆ ಹೋಳಿಗೆಯೇ ಎದುರಿಗೆ ಬಂದಂತಾಯಿತು. ಬೆಲ್ಲದ ಬದಲು ಹುರಿದ ಜೀರಿಗೆ, ಬೆಳ್ಳುಳ್ಳಿ. ಮನೆಯೊಡತಿಯ ಅಡುಗೆಮನೆಯಲ್ಲಿ ನಾನೂ ಹೋಳಿಗೆಗೆ ಕೈ ಹಾಕಿದೆ. ಅಲ್ಲಿನ ಹಳದಿ ಬಟಾಣಿ ಬೇಳೆ ಬೇಗ ನೀರಾಗುತ್ತದೆ, ಎರಡು ಸಲ ಹೂರಣ ಹರಿದು ತವಾಕ್ಕೆ ಅಂಟಿತು. ಮೂರನೇ ಸಲ ಬೇಳೆ ಬೆರಳಲ್ಲಿ ಮುರಿಯುವ ಹದಕ್ಕೇ ಇಳಿಸಿ ಬಸಿದೆ, ಬಂತು. ಅವರೂ ತವಾಕ್ಕೆ ತವಾ ಎಂದೇ ಅನ್ನುತ್ತಾರೆ, ಲಟ್ಟಣಿಗೆಗೆ ಬೇಲ್ನಾ.

ಆ ಮಾತುಗಳು 1845ರ ಮೇ 30ರಂದು ಕಲ್ಕತ್ತೆಯಿಂದ ಬಂದ ಫತೇಲ್ ರಜಾಕ್ ಹಡಗಿನಿಂದ ಶುರುವಾದ ಕೂಲಿ ವಲಸೆಯ ಜೊತೆ ಬಂದವು. 1917ರವರೆಗೆ ಬಂದವರು ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಅವರಲ್ಲೊಬ್ಬರ ಕಥೆ ಕೇಳಿ ವಾಟರ್‌ಲೂ ಊರಿನ ಸಮುದ್ರ ಮಂದಿರಕ್ಕೆ ಎರಡು ಸಲ ಹೋದೆ. ಸೇವದಾಸ ಸಾಧು 1947ರಲ್ಲಿ ಕಟ್ಟಿದ ಗುಡಿ ಸಕ್ಕರೆ ಕಂಪನಿಯ ಜಾಗದಲ್ಲಿತ್ತು. ಅದನ್ನು ಕೆಡವಿ ಅವರನ್ನು ಜೈಲಿಗೆ ಹಾಕಿದರು. ನೆಲ ನಿಮ್ಮದಾದರೆ ಸಮುದ್ರ ಯಾರದೂ ಅಲ್ಲವಲ್ಲ ಎಂದು ಸೈಕಲ್ಲಿನಲ್ಲಿ ಕಲ್ಲುಮಣ್ಣು ಹೊತ್ತು ಇಪ್ಪತ್ತೈದು ವರ್ಷ ನೀರಿನೊಳಗೇ ಕಟ್ಟಿದರು. ಈಗಿರುವುದು 1990ರ ದಶಕದಲ್ಲಿ ಮತ್ತೆ ಕಟ್ಟಿದ್ದು. ನೀರು ಇಳಿದಾಗ ಹೋಗಬೇಡಿ, ಬರೀ ಕೆಸರು. ಮೊದಲ ಸಲ ನನಗಾದದ್ದು ಅದೇ. ಹತ್ತಿರದ ಕರಾಪಿಚೈಮಾದಲ್ಲಿ 85 ಅಡಿಯ ಹನುಮಂತ ನಿಂತಿದ್ದಾನೆ, ಅದು ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ದತ್ತಪೀಠದ್ದು. ಅಷ್ಟು ದೂರದಲ್ಲಿ ಮೈಸೂರಿನ ಹೆಸರು ಕೇಳಿ ಕಣ್ಣು ತುಂಬಿಬಂತು.

ಕಾರ್ನಿವಲ್‌ನ ಜೀವ ಇರುವುದು ಪ್ಯಾನ್‌ಯಾರ್ಡ್‌ಗಳಲ್ಲಿ, ಅಂದರೆ ಸ್ಟೀಲ್‌ಪ್ಯಾನ್ ವಾದ್ಯ ತಂಡಗಳು ಅಭ್ಯಾಸ ಮಾಡುವ ಅಂಗಳಗಳಲ್ಲಿ. ಹಬ್ಬಕ್ಕೆ ಮೂರು ವಾರ ಮೊದಲೇ ಹೋಗಿದ್ದು ಅದಕ್ಕೇ. ರಾತ್ರಿ ಒಂಬತ್ತಕ್ಕೆ ವುಡ್‌ಬ್ರೂಕ್‌ನಲ್ಲಿ ಬಿಟ್ಟಿಯಾಗಿ ಒಳಗೆ ಹೋಗಿ ನಿಲ್ಲಬಹುದು. ದೊಡ್ಡ ತಂಡವೆಂದರೆ ನೂರರ ಆಸುಪಾಸು ಜನ, ಹೆಚ್ಚಿನವರ ಮುಂದೆ ಎಣ್ಣೆ ಪೀಪಾಯಿ ಬಡಿದು ಮಾಡಿದ ಸ್ಟೀಲ್‌ಪ್ಯಾನ್. ಬೇಸ್ ನುಡಿಸುವವನಿಗೆ ಸುತ್ತಲೂ ಆರು, ಒಂಬತ್ತು ಪೀಪಾಯಿ. ನಡುವೆ 'ಎಂಜಿನ್ ರೂಮ್', ಅಲ್ಲಿ ಕಾರಿನ ಬ್ರೇಕ್ ಡ್ರಮ್ಮೇ ತಾಳ. ಒಂದೇ ಸಾಲನ್ನು ನಲವತ್ತು ಸಲ ತಿದ್ದುವುದನ್ನು ಕಂಡಮೇಲೆ ಈ ತಂಡಗಳು ಸೆಣಸುವ ಪನೋರಮಾ ಸ್ಪರ್ಧೆಯ ಟಿಕೆಟ್ಟಿಗೆ ದುಡ್ಡು ಹಾಕುವ ಮನಸ್ಸೇ ಬರಲಿಲ್ಲ. ಒಂದು ರಾತ್ರಿ ಕೊನೆಯ ಗಾಡಿ ತಪ್ಪಿ ಸುಮಾರು 180 ಡಾಲರ್ ತೆತ್ತೆ. ಯಾವ ಯಾರ್ಡಿನಲ್ಲಿ ಕೋಲು ಕೈಗೆ ಕೊಟ್ಟು ಕಲಿಸಿದರು ಎನ್ನುವುದನ್ನು ಮಾತ್ರ ಹೇಳಲಾರೆ, ಜನ ಮುತ್ತಿದರೆ ಅವರ ಅಭ್ಯಾಸ ಕೆಡುತ್ತದೆ. ತಾಸಾ ಬಡಿಯುವವರ ಹಿಂದೆಯೂ ಒಂದು ಸಂಜೆ ಅಲೆದೆ. ನಮ್ಮ ತಮಟೆಯಂತೆಯೇ ಚರ್ಮವನ್ನು ಬೆಂಕಿಗೆ ಹಿಡಿದು ಹದ ಮಾಡುತ್ತಾರೆ.

ಲಾ ಬ್ರೇಯ ಡಾಂಬರು ಕೆರೆಗೆ ಸ್ಯಾನ್ ಫರ್ನಾಂಡೊದಲ್ಲಿ ಗಾಡಿ ಬದಲಿಸಿ ಹೋದೆ. ನೂರು ಎಕರೆ ಡಾಂಬರು, ಮೇಲೆ ನಡೆಯಬಹುದು. 1595ರಲ್ಲಿ ಇಂಗ್ಲಿಷ್ ನಾವಿಕ ವಾಲ್ಟರ್ ರ್‍ಯಾಲಿ ತನ್ನ ಹಡಗುಗಳ ಬಿರುಕು ಮುಚ್ಚಿದ್ದು ಇದರಿಂದಲೇ. ಮಧ್ಯಾಹ್ನ ಹೋದರೆ ಚಪ್ಪಲಿ ಕಚ್ಚಿಕೊಳ್ಳುತ್ತದೆ.

ಕರೋನಿ ಜೌಗಿನಲ್ಲಿ ಸೋತೆ. ಸಂಜೆ ನಾಲ್ಕರ ದೋಣಿ ಹತ್ತಿದರೆ, ಹೊತ್ತು ಮುಳುಗುವಾಗ ಸ್ಕಾರ್ಲೆಟ್ ಐಬಿಸ್ ಹಕ್ಕಿಗಳು ಕೆಂಡದಂತೆ ಮರಗಳ ಮೇಲೆ ಇಳಿಯುತ್ತವೆ. ಆಮೇಲೆ ಕತ್ತಲ ಹೆದ್ದಾರಿಯಲ್ಲಿ ಯಾವ ಮ್ಯಾಕ್ಸಿಯೂ ನಿಲ್ಲಲಿಲ್ಲ, ಒಂದೂವರೆ ಗಂಟೆ ಕಾದೆ. ಜೌಗಿಗೆ ಮತ್ತೊಮ್ಮೆ ಹೋದಾಗ ಮರಳುವ ಗಾಡಿ ಹೊಂದಿಸಿಕೊಂಡ ಬಗೆ ನನ್ನಲ್ಲೇ ಇರಲಿ.

ಇದೇ ದೇಶದ ಇನ್ನೊಂದು ದ್ವೀಪ ಟೊಬೇಗೋಗೆ ಈ ವಿಧಾನ ಒಗ್ಗುವುದಿಲ್ಲ. ಅಲ್ಲಿಗೆ ಹೋಗುವ ಫೆರಿ ಏನೋ ಅಗ್ಗವೇ. ಆದರೆ ದ್ವೀಪದಲ್ಲಿ ಗಾಡಿಗಳು ಕಡಿಮೆ. 1776ರಿಂದ ಕಾಯ್ದಿಟ್ಟ ಮೇನ್ ರಿಡ್ಜ್ ಕಾಡಿಗೆ ಹೋಗಲು ಅರ್ಧ ದಿನ ರಸ್ತೆಯಲ್ಲಿ ನಿಂತೆ. ಮರುದಿನ ಬೆಳಿಗ್ಗೆ ಎದ್ದವನೇ ಎರಡು ದಿನಕ್ಕೆ ಕಾರು ತೆಗೆದುಕೊಂಡೆ.